ಪ್ರಜೆ ಪೌರನಾದ ಕತೆ: ಫ್ರಾನ್ಸಿನ ಮಹಾಕ್ರಾಂತಿ



1788ನೆಯ ಇಸವಿ, ಆಗಸ್ಟ್ 10. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಅಂದು ದೊಡ್ಡ ದರ್ಬಾರು. ಮೈಸೂರಿನ ಟಿಪ್ಪು ಸುಲ್ತಾನ ಕಳುಹಿಸಿದ್ದ ಮೂವರು ರಾಯಭಾರಿಗಳನ್ನು ದೊರೆ ಹದಿನಾರನೆಯ ಲೂಯಿ ಬರಮಾಡಿಕೊಂಡ ದಿನ ಅದು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮಹಮ್ಮದ್ ಉಸ್ಮಾನ್ ಖಾನ್ ಎಂಬ ಈ ಮೂವರು ಪುದುಚೇರಿಯಲ್ಲಿ ಹಡಗು ಹತ್ತಿ, ತಿಂಗಳುಗಟ್ಟಲೆ ಸಮುದ್ರದ ಮೇಲೆ ಕಳೆದು, ಜೂನ್ ತಿಂಗಳಲ್ಲಿ ಫ್ರಾನ್ಸಿನ ತೂಲಾನ್ ಬಂದರನ್ನು ಸೇರಿದ್ದರು. ಅವರು ಬಂದ ಮುಖ್ಯ ಉದ್ದೇಶ ಇಂಗ್ಲಿಷರ ವಿರುದ್ಧ ಸೈನ್ಯದ ನೆರವನ್ನು ಕೇಳುವುದು. ದೊರೆ ಮರ್ಯಾದೆ ಮಾಡಿದ, ಉಡುಗೊರೆ ಕೊಟ್ಟ, ಸ್ನೇಹದ ಮಾತನಾಡಿದ. ಸೈನ್ಯವನ್ನು ಮಾತ್ರ ಕೊಡಲಿಲ್ಲ.

ಕೊಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ದರ್ಬಾರಿಗೆ ಎರಡು ದಿನ ಮೊದಲು, ಹಣಕಾಸಿನ ಬಿಕ್ಕಟ್ಟು ತಾಳಲಾರದೆ, ರಾಜ್ಯದ ಪ್ರತಿನಿಧಿಗಳ ಮಹಾಸಭೆಯನ್ನು ಕರೆಯುವುದಾಗಿ ಅವನು ಒಪ್ಪಿಕೊಂಡಿದ್ದ. ದರ್ಬಾರು ಮುಗಿದ ಆರನೆಯ ದಿನ, ಆಗಸ್ಟ್ 16ರಂದು, ಬೊಕ್ಕಸವು ತನ್ನ ಪಾವತಿಗಳನ್ನು ನಗದಾಗಿ ಪೂರ್ತಿ ಕೊಡಲಾರದೆ ಕೈಚೆಲ್ಲಿತು. ಇದಾಗಿ ನಾಲ್ಕು ವರ್ಷಕ್ಕೆ ಸರಿಯಾಗಿ, 1792ರ ಆಗಸ್ಟ್ 10ರಂದು, ಆಯುಧ ಹಿಡಿದ ಜನ ಪ್ಯಾರಿಸ್ಸಿನ ಅರಮನೆಗೆ ನುಗ್ಗಿದರು. ಅರಸೊತ್ತಿಗೆ ಉರುಳಿತು. ಕೆಲವೇ ತಿಂಗಳಲ್ಲಿ ಅದೇ ದೊರೆಯ ತಲೆಯೂ ಉರುಳಿತು.

ನಾಲ್ಕು ವರ್ಷದಲ್ಲಿ ಇಷ್ಟೆಲ್ಲ ಹೇಗಾಯಿತು? ಪರೀಕ್ಷೆಗೆಂದು ನೀವು ಕಾರಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿರಬಹುದು. ಇಲ್ಲಿ ಪಟ್ಟಿ ಬೇಡ. ಒಂದು ಪದವನ್ನು ಹಿಡಿದು ಹೊರಡೋಣ. ‘ಪ್ರಜೆ’ ಎಂಬ ಮಾತಿಗೆ ಸಂಸ್ಕೃತದಲ್ಲಿ ಸಂತಾನ, ಮಕ್ಕಳು ಎಂಬ ಅರ್ಥವಿದೆ. ರಾಜ ತಂದೆ, ಜನ ಮಕ್ಕಳು. ಮಕ್ಕಳನ್ನು ಸಾಕುವುದು ತಂದೆಯ ಧರ್ಮ; ಆದರೆ ಮನೆಯ ಲೆಕ್ಕವನ್ನು ಮಕ್ಕಳ ಮುಂದೆ ಇಡಬೇಕೆಂಬ ನಿಯಮವೇನಿಲ್ಲ. ಫ್ರಾನ್ಸಿನಲ್ಲೂ ದೊರೆಯನ್ನು ಜನರ ತಂದೆಯೆಂದೇ ಭಾವಿಸುತ್ತಿದ್ದರು. ‘ಪೌರ’ ಎಂದರೆ ಹಾಗಲ್ಲ. ಪೌರನನ್ನು ಕೇಳಿ ತೆರಿಗೆ ಹಾಕಬೇಕು. ಪೌರ ‘ಒಪ್ಪುವುದಿಲ್ಲ’ ಎಂದರೆ ಆ ಮಾತಿಗೂ ಬೆಲೆ ಇರಬೇಕು. ಪ್ರಜೆ ಪೌರನಾಗಲು ಹೊರಟ ಕತೆಯೇ ಫ್ರಾನ್ಸಿನ ಮಹಾಕ್ರಾಂತಿ.

ಮೂರು ವರ್ಗಗಳ ಸಮಾಜ

1789ರಲ್ಲಿ ಫ್ರಾನ್ಸಿನ ಜನಸಂಖ್ಯೆ ಸುಮಾರು 2 ಕೋಟಿ 80 ಲಕ್ಷ. ಕಾನೂನಿನ ಕಣ್ಣಿನಲ್ಲಿ ಇವರು ಮೂರು ವರ್ಗ. ಮೊದಲನೆಯದು ಪಾದ್ರಿಗಳ ವರ್ಗ, ಎರಡನೆಯದು ಶ್ರೀಮಂತ ಪ್ರಭುಗಳ ವರ್ಗ. ಇವೆರಡೂ ಸೇರಿ ನೂರಕ್ಕೆ ಎರಡರಷ್ಟೂ ಆಗುತ್ತಿದ್ದುದು ಕಷ್ಟ. ಉಳಿದವರೆಲ್ಲ ಮೂರನೆಯ ವರ್ಗ. ರೈತ, ಕೂಲಿ, ನೇಕಾರ, ಬಡಗಿ, ಅಂಗಡಿಕಾರ, ವಕೀಲ, ವೈದ್ಯ, ಲಕ್ಷಾಧೀಶ್ವರನಾದ ವರ್ತಕ ಎಲ್ಲರೂ ಇದರೊಳಗೇ.

ಮೊದಲೆರಡು ವರ್ಗಗಳಿಗೆ ಹುಟ್ಟಿನಿಂದ ಅಥವಾ ಸ್ಥಾನದಿಂದ ಬಂದ ವಿಶೇಷ ಸವಲತ್ತುಗಳಿದ್ದವು. ಮುಖ್ಯವಾದ ನೇರ ತೆರಿಗೆಯ ಹೊರೆಯಿಂದ ಅವರು ಬಹುಮಟ್ಟಿಗೆ ಮುಕ್ತರು. ಸೈನ್ಯದ ಮತ್ತು ಚರ್ಚಿನ ಹಿರಿಯ ಹುದ್ದೆಗಳು ಪ್ರಭುಗಳ ಮನೆತನಗಳಿಗೇ ಮೀಸಲಾದಂತಿದ್ದವು. ಇತ್ತ ರೈತನ ಪಾಡೇನು? ದೊರೆಗೆ ತೆರಿಗೆ, ಚರ್ಚಿಗೆ ಬೆಳೆಯಲ್ಲಿ ಪಾಲು, ಜಮೀನಿನ ಒಡೆಯನಿಗೆ ಕಾಣಿಕೆ. ಹಿಟ್ಟು ಬೀಸಲು ಒಡೆಯನ ಗಿರಣಿಗೇ ಹೋಗಬೇಕು, ಅದಕ್ಕೂ ದುಡ್ಡು. ರಸ್ತೆ ಕೆಲಸಕ್ಕೆ ಬಿಟ್ಟಿ ಚಾಕರಿ. ಉಪ್ಪಿಗೂ ತೆರಿಗೆ, ಅದೂ ಒಂದು ಪ್ರಾಂತದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಹೊಲದ ಪೈರನ್ನು ಒಡೆಯನ ಪಾರಿವಾಳಗಳು ತಿಂದರೂ ರೈತ ಅವನ್ನು ಕೊಲ್ಲುವಂತಿರಲಿಲ್ಲ. ಧಾನ್ಯ ಅಳೆಯುವ ಕೊಳಗವೂ ಊರಿಂದೂರಿಗೆ ಬೇರೆ.

ಇಲ್ಲಿ ಒಂದು ವಿಷಯ ಗಮನಿಸಿ. ಬಡತನ ಒಂದೇ ಕ್ರಾಂತಿಯನ್ನು ತರುವುದಿಲ್ಲ. ತರುವುದಾದರೆ ಬಡ ದೇಶಗಳಲ್ಲೆಲ್ಲ ದಿನವೂ ಕ್ರಾಂತಿಯಾಗಬೇಕಿತ್ತು. ಫ್ರಾನ್ಸಿನಲ್ಲಿ ಬಡವನ ಹೊಟ್ಟೆಯ ಸಂಕಟದ ಜೊತೆಗೆ ಓದಿದವನ ಮನಸ್ಸಿನ ಸಂಕಟವೂ ಸೇರಿತು. ವಕೀಲ, ವೈದ್ಯ, ವರ್ತಕರು ರೂಸೋ, ವಾಲ್ಟೇರ್, ಮಾಂಟೆಸ್ಕ್ಯೂ ಇವರ ಬರಹಗಳನ್ನು ಓದುತ್ತಿದ್ದರು. ದುಡಿಮೆ ನಮ್ಮದು, ವಿದ್ಯೆ ನಮ್ಮದು, ತೆರಿಗೆ ನಮ್ಮದು. ಹಾಗಾದರೆ ಗೌರವ ಮಾತ್ರ ಹುಟ್ಟಿಗೇಕೆ ಎಂದು ಕೇಳತೊಡಗಿದ್ದರು.

ಖಾಲಿ ಬೊಕ್ಕಸ, ದುಬಾರಿ ರೊಟ್ಟಿ

ಫ್ರಾನ್ಸ್ ದೇಶ ಬಡದೇಶವಾಗಿರಲಿಲ್ಲ. ಬಡವಾಗಿದ್ದುದು ಅದರ ಬೊಕ್ಕಸ. ಯುದ್ಧಗಳ ಮೇಲೆ ಯುದ್ಧಗಳಾಗಿದ್ದವು. ಇಂಗ್ಲೆಂಡಿನ ಮೇಲಿನ ಹಗೆಯಿಂದ ಫ್ರಾನ್ಸ್ 1778ರಿಂದ ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ಹಡಗು, ಹಣ, ಸೈನ್ಯ ಕೊಟ್ಟಿತು. ಗೆಲುವೇನೋ ಸಿಕ್ಕಿತು, ಸಾಲವೂ ಬೆಟ್ಟದಷ್ಟಾಯಿತು. 1788ರ ಹೊತ್ತಿಗೆ ಸರ್ಕಾರದ ವೆಚ್ಚದಲ್ಲಿ ಅರ್ಧದಷ್ಟು ಹಳೆಯ ಸಾಲದ ಬಡ್ಡಿ, ಕಂತುಗಳಿಗೇ ಹೋಗುತ್ತಿತ್ತು. ಅರಮನೆಯ ಅದ್ಧೂರಿ ಜನರ ಕಣ್ಣು ಕುಕ್ಕಿದ್ದು ನಿಜ; ಆದರೆ ಬೊಕ್ಕಸವನ್ನು ಬರಿದು ಮಾಡಿದ್ದು ಮುಖ್ಯವಾಗಿ ಯುದ್ಧ. ಉಳಿದ ದಾರಿ ಒಂದೇ: ಸವಲತ್ತಿನ ವರ್ಗಗಳೂ ತೆರಿಗೆ ಕೊಡಬೇಕು. ಮಂತ್ರಿಗಳು ಒಬ್ಬರಾದ ಮೇಲೊಬ್ಬರು ಈ ಸಲಹೆ ಮುಂದಿಟ್ಟರು. ಸವಲತ್ತುಳ್ಳವರ ವಿರೋಧದ ಮುಂದೆ ಒಂದೊಂದೂ ಬಿದ್ದುಹೋಯಿತು.

ಇದೇ ಹೊತ್ತಿಗೆ ಪ್ರಕೃತಿಯೂ ಮುನಿಯಿತು. 1788ರ ಜುಲೈ 13ರಂದು ಭಾರಿ ಆಲಿಕಲ್ಲು ಮಳೆ ಸುರಿದು ಪ್ಯಾರಿಸ್ ಸುತ್ತಲಿನ ಪೈರನ್ನು ಜಜ್ಜಿಹಾಕಿತು. ಆಮೇಲೆ ಬಂದದ್ದು ಕೊರೆಯುವ ಚಳಿಗಾಲ. ನಮಗೆ ರಾಗಿ, ಜೋಳ, ಅಕ್ಕಿ ಇದ್ದಂತೆ ಅಲ್ಲಿಯ ಬಡವನಿಗೆ ರೊಟ್ಟಿ, ಅಂದರೆ ನಾವು ಬ್ರೆಡ್ ಎನ್ನುವುದು. ಒಳ್ಳೆಯ ಕಾಲದಲ್ಲೂ ಕೂಲಿಕಾರನ ಗಳಿಕೆಯ ಅರ್ಧದಷ್ಟು ರೊಟ್ಟಿಗೇ ಹೋಗುತ್ತಿತ್ತು. ಪ್ಯಾರಿಸ್ಸಿನಲ್ಲಿ ನಾಲ್ಕು ಪೌಂಡಿನ, ಅಂದರೆ ಸುಮಾರು ಎರಡು ಕಿಲೋ ತೂಕದ ರೊಟ್ಟಿಗೆ ಸಾಮಾನ್ಯ ಕಾಲದಲ್ಲಿ 8 ಅಥವಾ 9 ಸೂ ಬೆಲೆ. ‘ಸೂ’ ಎಂಬುದು ಅಲ್ಲಿನ ಸಣ್ಣ ನಾಣ್ಯ. 1789ರ ಫೆಬ್ರವರಿಯಲ್ಲಿ ಈ ಬೆಲೆ 14 ಸೂ ದಾಟಿತು. ಕೂಲಿಯವನ ದಿನಗೂಲಿ 20ರಿಂದ 30 ಸೂ. ಹೆಂಡತಿ, ಮಕ್ಕಳಿರುವ ಮನೆಯ ಲೆಕ್ಕವನ್ನು ನೀವೇ ಹಾಕಿ ನೋಡಿ.

ರೊಟ್ಟಿಯ ಮಾತು ಬಂದಾಗ ನೀವು ಕೇಳಿರುವ ಒಂದು ಕತೆಯನ್ನೂ ಇಲ್ಲೇ ತಿದ್ದಿಬಿಡೋಣ. ರೊಟ್ಟಿಯಿಲ್ಲವೆಂದು ಜನ ಗೋಳಿಟ್ಟಾಗ ರಾಣಿ ಮೇರಿ ಆಂಟೊನೆಟ್ ಕೇಕು ತಿನ್ನಲು ಹೇಳಿದಳಂತೆ ಎಂಬ ಕತೆ ಅದು. ಅವಳು ಹಾಗೆ ಹೇಳಿದ್ದಕ್ಕೆ ಯಾವ ಆಧಾರವೂ ಇಲ್ಲ. ಯಾರೋ ರಾಜಕುಮಾರಿ ಇಂಥ ಮಾತು ಆಡಿದಳೆಂಬ ಕತೆಯನ್ನು ರೂಸೋ ತನ್ನ ಆತ್ಮಕಥೆಯಲ್ಲಿ ಬರೆದಾಗ ಮೇರಿ ಇನ್ನೂ ಆಸ್ಟ್ರಿಯದಲ್ಲಿದ್ದ ಹುಡುಗಿ. ಆದರೂ ಆ ಮಾತನ್ನು ಆಮೇಲಿನವರು ಅವಳ ಮೇಲೆ ಹೊರಿಸಿ ನಂಬಿದರು. ಜನ ಏನನ್ನು ನಂಬುತ್ತಾರೆ ಎಂಬುದೂ ಇತಿಹಾಸದ ಒಂದು ಭಾಗವೇ.

ಅಹವಾಲಿನಿಂದ ಪ್ರತಿಜ್ಞೆಗೆ

1789ರ ಮೇ 5ರಂದು ಮೂರು ವರ್ಗಗಳ ಮಹಾಸಭೆ, ಅಂದರೆ ಎಸ್ಟೇಟ್ಸ್ ಜನರಲ್, ವರ್ಸೇಲ್ಸ್‌ನಲ್ಲಿ ಸೇರಿತು. ಇದಕ್ಕೂ ಹಿಂದಿನ ಸಭೆ ಸೇರಿದ್ದು 1614ರಲ್ಲಿ. ನೂರ ಎಪ್ಪತ್ತೈದು ವರ್ಷ ಯಾವ ದೊರೆಗೂ ಜನರನ್ನು ಕೇಳಬೇಕೆನಿಸಿರಲಿಲ್ಲ.

ಸಭೆಗೆ ಮುನ್ನ ಊರೂರಿನಲ್ಲಿ ಜನ ಕಲೆತು ತಮ್ಮ ಕಷ್ಟಗಳನ್ನು ಅಹವಾಲಿನ ಪುಸ್ತಕಗಳಲ್ಲಿ ಬರೆಸಿದರು. ಇಂಥ ಹತ್ತಾರು ಸಾವಿರ ಪುಸ್ತಕಗಳು ತಯಾರಾದವು. ಅವುಗಳಲ್ಲಿ ದೊರೆಯನ್ನು ಇಳಿಸಬೇಕೆಂಬ ಬೇಡಿಕೆ ಇರಲಿಲ್ಲ. ಉಪ್ಪಿನ ತೆರಿಗೆ ತೆಗೆಯಿರಿ, ಒಡೆಯನ ಕಾಣಿಕೆ ನಿಲ್ಲಿಸಿ, ಅಳತೆ ಒಂದೇ ಆಗಲಿ, ಇಂಥವೇ ಅಹವಾಲುಗಳು. ಜನ ಇನ್ನೂ ತಂದೆಯ ಮುಂದೆ ದೂರು ಹೇಳುವ ಮಕ್ಕಳಾಗಿಯೇ ಇದ್ದರು. ಆದರೆ ಒಮ್ಮೆ ಕುಳಿತು, ಚರ್ಚಿಸಿ, ಬರೆಸಿದ ಮೇಲೆ ಅವರು ಮೊದಲಿನ ಜನರಾಗಿ ಉಳಿಯಲಿಲ್ಲ. ನಮ್ಮನ್ನು ಕೇಳಿದ್ದಾರೆ, ಇನ್ನು ಉತ್ತರ ಬರಬೇಕು ಎಂದು ಕಾದರು.

ಸಭೆಯಲ್ಲಿ ಮೊದಲ ಜಗಳ ಎದ್ದದ್ದು ಮತ ಎಣಿಸುವ ಕ್ರಮದ ಮೇಲೆ. ಹಳೆಯ ಪದ್ಧತಿಯಂತೆ ವರ್ಗಕ್ಕೊಂದು ಮತ. ಮೊದಲೆರಡು ವರ್ಗಗಳು ಕೂಡಿದರೆ ದೇಶದ ಬಹುಪಾಲು ಜನರ ಮಾತು ಯಾವಾಗಲೂ ಎರಡಕ್ಕೊಂದರಂತೆ ಸೋಲುತ್ತಿತ್ತು. ಮೂರನೆಯ ವರ್ಗದ ಸುಮಾರು 600 ಪ್ರತಿನಿಧಿಗಳು ತಲೆಗೊಂದು ಮತ ಬೇಕೆಂದು ಹಟ ಹಿಡಿದರು. ಜೂನ್ 17ರಂದು ತಾವೇ ‘ರಾಷ್ಟ್ರೀಯ ಸಭೆ’ ಎಂದು ಸಾರಿದರು. ಜೂನ್ 20ರ ಬೆಳಿಗ್ಗೆ ಬಂದು ನೋಡಿದರೆ ಸಭಾಭವನಕ್ಕೆ ಬೀಗ. ಹತ್ತಿರದ ಚೆಂಡಾಟದ ಒಳಾಂಗಣಕ್ಕೆ ಹೋಗಿ, ಸಂವಿಧಾನ ರಚಿಸುವ ತನಕ ಚದುರುವುದಿಲ್ಲವೆಂದು ಕೈಯೆತ್ತಿ ಪ್ರತಿಜ್ಞೆ ಮಾಡಿದರು.

ಚಿತ್ರಕಾರ ದಾವಿದ್ ರಚಿಸಿದ ಈ ದೃಶ್ಯವನ್ನು ನೀವು ಇತಿಹಾಸದ ಪುಸ್ತಕದಲ್ಲಿ ನೋಡಿರಬಹುದು. ಎಲ್ಲರ ಕೈಗಳೂ ಮುಂದಕ್ಕೆ ಚಾಚಿವೆ. ಬಲಗಡೆಯ ಮೂಲೆಯಲ್ಲಿ ಒಬ್ಬ ಮಾತ್ರ ಎದೆಯ ಮೇಲೆ ಕೈಕಟ್ಟಿ ಕುಳಿತಿದ್ದಾನೆ. ಅವನ ಹೆಸರು ಮಾರ್ತಿನ್ ದೋಶ್. ದೊರೆಯ ಒಪ್ಪಿಗೆಯಿಲ್ಲದ ಪ್ರತಿಜ್ಞೆಯನ್ನು ತಾನು ಮಾಡಲಾರೆ ಎಂದವನು ಅವನು. ಸಹಿ ಹಾಕಿ, ಹೆಸರಿನ ಪಕ್ಕದಲ್ಲಿ ‘ವಿರೋಧಿ’ ಎಂದು ಬರೆದ. ಸುತ್ತಲಿದ್ದವರು ಕೆರಳಿದರು, ಗದ್ದಲವಾಯಿತು. ಆದರೂ ಆ ಬರಹವನ್ನು ಹೊಡೆದುಹಾಕಲಿಲ್ಲ. ಸಭೆಯಲ್ಲಿ ಅಭಿಪ್ರಾಯ ಸ್ವಾತಂತ್ರ್ಯವಿದೆ ಎಂಬುದಕ್ಕೆ ಸಾಕ್ಷಿಯಾಗಿ ಅದು ಹಾಗೆಯೇ ಉಳಿಯಿತು. ಈ ಒಬ್ಬ ಮನುಷ್ಯನನ್ನು ನೆನಪಿನಲ್ಲಿಡಿ. ಕ್ರಾಂತಿಯನ್ನು ಅಳೆಯಲು ನಮಗೆ ಮುಂದೆ ಅವನೇ ಅಳತೆಗೋಲು.

ಬ್ಯಾಸ್ಟಿಲ್ ಮತ್ತು ಹಳ್ಳಿಗಳು

ದೊರೆ ಮೇಲ್ನೋಟಕ್ಕೆ ಬಗ್ಗಿದ. ಒಳಗೊಳಗೆ ಪ್ಯಾರಿಸ್ ಸುತ್ತ ಸೈನ್ಯ ತರಿಸತೊಡಗಿದ. ಜುಲೈ 11ರಂದು ಜನಪ್ರಿಯ ಮಂತ್ರಿ ನೆಕರನನ್ನು ವಜಾ ಮಾಡಿದ. ಸಭೆಯನ್ನು ಮುರಿಯಲು ಸೈನ್ಯ ಬರುತ್ತಿದೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಜನ ಬಂದೂಕು ದೋಚಿದರು. ಮದ್ದು ಬೇಕಿತ್ತು, ಅದು ಬ್ಯಾಸ್ಟಿಲ್ ಕೋಟೆಯಲ್ಲಿತ್ತು. ಜುಲೈ 14ರಂದು ಕೋಟೆ ಬಿದ್ದಾಗ ಒಳಗಿದ್ದ ಕೈದಿಗಳು ಕೇವಲ ಏಳು ಮಂದಿ. ಮುತ್ತಿಗೆ ಹಾಕಿದವರಲ್ಲಿ ಸುಮಾರು ನೂರು ಜನ ಸತ್ತರು. ಶರಣಾದ ಕೋಟೆಯ ಅಧಿಕಾರಿಯನ್ನು ಬೀದಿಯಲ್ಲಿ ಕೊಂದು, ಅವನ ತಲೆಯನ್ನು ಈಟಿಗೆ ಸಿಕ್ಕಿಸಿ ಮೆರೆಸಿದರು. ಸ್ವಾತಂತ್ರ್ಯದ ಹಬ್ಬವೆಂದು ಜಗತ್ತು ನೆನೆಯುವ ದಿನದಲ್ಲೇ ಈ ಕ್ರೌರ್ಯವೂ ಇತ್ತು.

ಸುದ್ದಿ ಹಳ್ಳಿಗಳಿಗೆ ಮುಟ್ಟಿತು. ಪ್ರಭುಗಳು ಕೂಲಿ ಕಳ್ಳರನ್ನು ಕಳುಹಿಸಿ ಪೈರು ಸುಡಿಸುತ್ತಾರೆಂಬ ಗಾಳಿಮಾತು ಹಬ್ಬಿ ರೈತರು ದೊಣ್ಣೆ, ಕುಡುಗೋಲು ಹಿಡಿದರು. ಕಳ್ಳರು ಬರಲಿಲ್ಲ. ರೈತರು ಒಡೆಯರ ಮನೆಗಳಿಗೆ ನುಗ್ಗಿ, ತಮ್ಮ ಕಾಣಿಕೆಯ ಲೆಕ್ಕ ಬರೆದಿದ್ದ ದಫ್ತರಗಳನ್ನು ಹುಡುಕಿ ಹುಡುಕಿ ಸುಟ್ಟರು. ಈ ಬೆಂಕಿಯ ಬಿಸಿ ರಾಷ್ಟ್ರೀಯ ಸಭೆಗೆ ತಟ್ಟಿತು. ಆಗಸ್ಟ್ 4ರ ರಾತ್ರಿ ಪ್ರಭುಗಳೇ ಒಬ್ಬೊಬ್ಬರಾಗಿ ಎದ್ದು ತಮ್ಮ ಸವಲತ್ತುಗಳನ್ನು ಬಿಟ್ಟುಕೊಟ್ಟರು. ಹಲವು ಕಾಣಿಕೆಗಳಿಗೆ ಪರಿಹಾರ ಕೊಡಬೇಕೆಂಬ ಷರತ್ತು ಆಮೇಲೆ ಸೇರಿಕೊಂಡಿತು. 1793ರಲ್ಲಿ ಅದೂ ಹೋಯಿತು.

ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಮಾರುಕಟ್ಟೆಯ ಹೆಂಗಸರು ರೊಟ್ಟಿ ಕೇಳುತ್ತಾ ಮಳೆಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ನಡೆದು ವರ್ಸೇಲ್ಸ್ ತಲುಪಿದರು. ಮರುದಿನ ದೊರೆ, ರಾಣಿ, ಮಕ್ಕಳನ್ನು ಪ್ಯಾರಿಸ್ಸಿಗೆ ಕರೆದುಕೊಂಡೇ ಬಂದರು. ಅಂದಿನಿಂದ ದೊರೆ ಜನರ ಕಣ್ಣಳತೆಯಲ್ಲೇ ಇರಬೇಕಾಯಿತು.

ಹಕ್ಕುಗಳ ಘೋಷಣೆ: ಯಾರ ಹಕ್ಕು?

1789ರ ಆಗಸ್ಟ್ 26ರಂದು ಸಭೆ ಅಂಗೀಕರಿಸಿದ ‘ಮಾನವನ ಮತ್ತು ಪೌರನ ಹಕ್ಕುಗಳ ಘೋಷಣೆ’ಯಲ್ಲಿ 17 ವಿಧಿಗಳಿವೆ. ಅದರ ತಿರುಳು ಇಷ್ಟು: ಮನುಷ್ಯರು ಹಕ್ಕುಗಳಲ್ಲಿ ಸಮಾನರು. ಪರಮಾಧಿಕಾರದ ಮೂಲ ರಾಷ್ಟ್ರವೇ ಹೊರತು ದೊರೆಯಲ್ಲ. ಕಾನೂನು ಎಲ್ಲರಿಗೂ ಒಂದೇ. ತೆರಿಗೆಗೆ ಪೌರರ ಒಪ್ಪಿಗೆ ಬೇಕು. ಅಪರಾಧ ಸಾಬೀತಾಗುವ ತನಕ ಆರೋಪಿಯನ್ನು ನಿರಪರಾಧಿಯೆಂದೇ ಕಾಣಬೇಕು.

ಮಾತು ದೊಡ್ಡದು. ಆದರೆ 1791ರ ಸಂವಿಧಾನ ಮತದ ಹಕ್ಕನ್ನು ಕೊಟ್ಟದ್ದು 25 ವರ್ಷ ತುಂಬಿದ, ಕನಿಷ್ಠ ಮೂರು ದಿನದ ಕೂಲಿಯಷ್ಟು ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ. ಅಂಥವರು ಸುಮಾರು 40 ಲಕ್ಷ. ರೊಟ್ಟಿಗಾಗಿ ಮಳೆಯಲ್ಲಿ ನಡೆದ ಹೆಂಗಸರಿಗೆ ಮತವಿರಲಿಲ್ಲ. ಒಲಾಂಪ್ ದ ಗೂಜ್ ಎಂಬ ಲೇಖಕಿ 1791ರಲ್ಲಿ, ಗಂಡಸರ ಘೋಷಣೆಗೆ ಸರಿಸಾಟಿಯಾಗಿ 17 ವಿಧಿಗಳ ಸ್ತ್ರೀಹಕ್ಕುಗಳ ಘೋಷಣೆಯನ್ನು ಬರೆದಳು. ಕ್ರಾಂತಿಯ ನಾಯಕರು ಕಿವಿಗೊಡಲಿಲ್ಲ. ಫ್ರಾನ್ಸಿನ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1944ರಲ್ಲಿ.

ಸಮುದ್ರದಾಚೆ ಇನ್ನೊಂದು ಪ್ರಶ್ನೆ ಎದ್ದಿತು. ಕೆರಿಬಿಯನ್ ಸಮುದ್ರದ ಸಾಂ ದೊಮಾಂಗ್ ಫ್ರಾನ್ಸಿನ ಅತ್ಯಂತ ಲಾಭದ ವಸಾಹತು. ಅಲ್ಲಿ ಸಕ್ಕರೆ, ಕಾಫಿ ಬೆಳೆಯುತ್ತಿದ್ದುದು ಆಫ್ರಿಕ ಮೂಲದ ಸುಮಾರು ಐದು ಲಕ್ಷ ಗುಲಾಮರ ಬೆವರಿನಿಂದ. ಮನುಷ್ಯರೆಲ್ಲ ಸಮಾನರಾದರೆ ನಾವು ಮನುಷ್ಯರಲ್ಲವೇ ಎಂದು 1791ರ ಆಗಸ್ಟ್‌ನಲ್ಲಿ ಅವರು ಬಂಡೆದ್ದರು. 1794ರ ಫೆಬ್ರವರಿ 4ರಂದು ಫ್ರಾನ್ಸ್ ಗುಲಾಮಗಿರಿಯನ್ನು ರದ್ದು ಮಾಡಿತು. 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ತಂದ. ಸಾಂ ದೊಮಾಂಗ್‌ನ ಜನ ಮಣಿಯಲಿಲ್ಲ. 1804ರ ಜನವರಿ 1ರಂದು ಹೈಟಿ ಎಂಬ ಹೆಸರಿನಲ್ಲಿ ಸ್ವತಂತ್ರರಾದರು.

ದೊರೆ ಓಡಿಹೋದ ರಾತ್ರಿ

ಈ ತನಕ ಹೆಚ್ಚಿನವರ ಕನಸು ದೊರೆಯೂ ಇರುವ, ಸಂವಿಧಾನವೂ ಇರುವ ರಾಜ್ಯ. ಆ ಕನಸನ್ನು ಒಡೆದವನು ದೊರೆಯೇ. 1791ರ ಜೂನ್ 20ರ ರಾತ್ರಿ ಲೂಯಿ ಸೇವಕನ ವೇಷದಲ್ಲಿ, ಹೆಂಡತಿ ಮಕ್ಕಳೊಡನೆ, ಗಾಡಿಯೇರಿ ಗಡಿಯ ಕಡೆಗೆ ಓಡಿದ. ಕ್ರಾಂತಿಯನ್ನು ಹಳಿದು ಬರೆದ ಪತ್ರವೊಂದನ್ನು ಅರಮನೆಯಲ್ಲೇ ಬಿಟ್ಟುಹೋಗಿದ್ದ. ದಾರಿಯಲ್ಲಿ ಕುದುರೆ ಬದಲಿಸುವ ಅಂಚೆಮನೆಯ ಅಧಿಕಾರಿಯೊಬ್ಬ ಗುರುತು ಹಿಡಿದ. ವರೆನ್ ಎಂಬ ಸಣ್ಣ ಊರಿನಲ್ಲಿ ಗಾಡಿಯನ್ನು ತಡೆದರು. ದೊರೆಯನ್ನು ಪ್ಯಾರಿಸ್ಸಿಗೆ ಮರಳಿ ಕರೆತಂದಾಗ ಬೀದಿಯಲ್ಲಿ ನಿಂತಿದ್ದ ಜನ ತಲೆಯ ಮೇಲಿನ ಟೋಪಿ ತೆಗೆಯಲಿಲ್ಲ. ತಂದೆ ಮಕ್ಕಳನ್ನು ಬಿಟ್ಟು ಓಡಿದ್ದ. ಮಕ್ಕಳು ತಂದೆಗೆ ನಮಸ್ಕರಿಸುವುದನ್ನು ಬಿಟ್ಟಿದ್ದರು.

1792ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಆಸ್ಟ್ರಿಯದ ಮೇಲೆ ಯುದ್ಧ ಸಾರಿತು. ರಾಣಿಯ ತವರು ಆಸ್ಟ್ರಿಯ. ಅರಮನೆ ಶತ್ರುವಿನ ಕಡೆಗಿದೆ ಎಂಬ ಅನುಮಾನ ಬಲವಾಯಿತು. ದೊರೆಗೆ ಕೇಡಾದರೆ ಪ್ಯಾರಿಸ್ಸನ್ನೇ ನಾಶಮಾಡುವುದಾಗಿ ಶತ್ರು ಸೇನಾಪತಿ ಬೆದರಿಕೆ ಹಾಕಿದ. ಅದು ದೊರೆಯನ್ನು ಉಳಿಸಲಿಲ್ಲ, ಮುಗಿಸಿತು. ಆಗಸ್ಟ್ 10ರಂದು ಅರಮನೆ ಬಿತ್ತು. ಸೆಪ್ಟೆಂಬರ್ 21ರಂದು ಹೊಸ ಸಭೆ ಅರಸೊತ್ತಿಗೆಯನ್ನು ರದ್ದು ಮಾಡಿತು. ಜನ ಒಬ್ಬರನ್ನೊಬ್ಬರು ‘ಪೌರ’ ಎಂದೇ ಕರೆಯತೊಡಗಿದರು. ಕನ್ನಡದಲ್ಲಿ ‘ನೀನು’, ‘ನೀವು’ ಇರುವಂತೆ ಫ್ರೆಂಚಿನಲ್ಲೂ ಎರಡು ಮಾತುಗಳಿವೆ. ಸಮಾನರಲ್ಲಿ ‘ನೀವು’ ಏಕೆ, ಎಲ್ಲರೂ ‘ನೀನು’ ಎನ್ನಲಿ ಎಂಬ ಒತ್ತಾಯವೂ ಬಂತು. ಆ ಉತ್ಸಾಹದ ಹಿಂದಿನ ಭಾವ ಕನ್ನಡದವರಿಗೆ ಬೇಗ ತಿಳಿಯುತ್ತದೆ.

ದೊರೆಯ ವಿಚಾರಣೆ ನಡೆಯಿತು. ಅವನು ತಪ್ಪಿತಸ್ಥ ಎಂಬುದರಲ್ಲಿ ಸಭೆಗೆ ಅನುಮಾನವಿರಲಿಲ್ಲ. ಮರಣದಂಡನೆಯ ಪ್ರಶ್ನೆ ಬಂದಾಗ ಪರವಾಗಿ 387, ವಿರುದ್ಧವಾಗಿ 334 ಮತ ಬಿದ್ದವು. 1793ರ ಜನವರಿ 21ರಂದು ಗಿಲೊಟಿನ್ ಯಂತ್ರಕ್ಕೆ ಅವನ ತಲೆ ಬಲಿಯಾಯಿತು. ಈ ಯಂತ್ರದ ಹಿಂದೆಯೂ ಸಮಾನತೆಯ ವಿಚಾರವಿತ್ತು! ಮೊದಲು ಪ್ರಭುವಿಗೆ ಕತ್ತಿ, ಬಡವನಿಗೆ ನೇಣು. ಸಾವಾದರೂ ಎಲ್ಲರಿಗೂ ಒಂದೇ ಆಗಲಿ, ನೋವು ಕಡಿಮೆಯಾಗಲಿ ಎಂದು ತಂದ ಯಂತ್ರ ಅದು.

‘ವಿರೋಧಿ’ಗೆ ಜಾಗವಿಲ್ಲದ ಕಾಲ

ಮುಂದಿನ ಒಂದೂವರೆ ವರ್ಷ ಕ್ರಾಂತಿಯ ಅತ್ಯಂತ ಕಹಿಯಾದ ಅಧ್ಯಾಯ. ಗಡಿಯಲ್ಲಿ ಹಲವು ದೇಶಗಳ ಸೈನ್ಯ. ಪಶ್ಚಿಮದ ವಾಂದೇ ಪ್ರದೇಶದಲ್ಲಿ ರೈತರದೇ ಬಂಡಾಯ. ಕಾಗದದ ಹಣದ ಬೆಲೆ ಕುಸಿತ. ರೊಟ್ಟಿ ಮತ್ತೆ ದುಬಾರಿ. ದೇಶವನ್ನು ಕಾಪಾಡಲು ಅಧಿಕಾರವೆಲ್ಲ ‘ಸಾರ್ವಜನಿಕ ರಕ್ಷಣಾ ಸಮಿತಿ’ಯ ಕೈಗೆ ಬಂತು. ರೋಬೆಸ್ಪಿಯರ್ ಅದರ ಪ್ರಭಾವಶಾಲಿ ಸದಸ್ಯ. 1791ರಲ್ಲಿ ಮರಣದಂಡನೆಯನ್ನೇ ತೆಗೆದುಹಾಕಬೇಕೆಂದು ವಾದಿಸಿದ್ದ ವಕೀಲ ಇವನು. ಸಮಿತಿ ದೇಶವನ್ನು ಉಳಿಸಿದ್ದು ನಿಜ. ಸೈನ್ಯ ಬೆಳೆಯಿತು, ಶತ್ರು ಹಿಮ್ಮೆಟ್ಟಿದ, ಧಾನ್ಯಕ್ಕೆ ಗರಿಷ್ಠ ಬೆಲೆ ಕಟ್ಟಲಾಯಿತು. ಆದರೆ ತೆತ್ತ ಬೆಲೆ ಏನು?

1793ರ ಸೆಪ್ಟೆಂಬರ್ 17ರ ಕಾಯಿದೆಯಂತೆ, ಮಾತಿನಿಂದಲೋ ಬರಹದಿಂದಲೋ ಸ್ವಾತಂತ್ರ್ಯದ ಶತ್ರುವೆಂದು ಅನುಮಾನ ಬಂದವರನ್ನೆಲ್ಲ ಹಿಡಿಯಬಹುದಾಯಿತು. 1794ರ ಜೂನ್ 10ರ ಕಾಯಿದೆ ಇನ್ನೂ ಮುಂದೆ ಹೋಯಿತು. ಕ್ರಾಂತಿಯ ನ್ಯಾಯಾಲಯದಲ್ಲಿ ಆರೋಪಿಗೆ ವಕೀಲನಿಲ್ಲ. ತೀರ್ಪು ಎರಡೇ, ಬಿಡುಗಡೆ ಅಥವಾ ಸಾವು. ಆಮೇಲಿನ ಏಳು ವಾರಗಳಲ್ಲಿ ಪ್ಯಾರಿಸ್ ಒಂದರಲ್ಲೇ 1,300ಕ್ಕೂ ಹೆಚ್ಚು ತಲೆಗಳು ಉರುಳಿದವು. ಈ ಭೀತಿಯ ಆಳ್ವಿಕೆಯಲ್ಲಿ ದೇಶದಾದ್ಯಂತ ಮರಣದಂಡನೆಗೆ ಗುರಿಯಾದವರು ಸುಮಾರು 17 ಸಾವಿರ. ಸೆರೆಮನೆಯಲ್ಲಿ ಸತ್ತವರು, ವಿಚಾರಣೆಯಿಲ್ಲದೆ ಕೊಲೆಯಾದವರು, ವಾಂದೇಯಲ್ಲಿ ಮಡಿದವರು ಈ ಲೆಕ್ಕದ ಹೊರಗೆ. ಇವರೆಲ್ಲ ಪ್ರಭುಗಳೇ ಇರಬೇಕೆಂದು ನೀವು ಭಾವಿಸಬಹುದು. ಅಲ್ಲ. ದಂಡನೆಗೆ ಗುರಿಯಾದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಮೂರನೆಯ ವರ್ಗದವರೇ. ರೈತರು, ಕುಶಲಕರ್ಮಿಗಳು, ಅಂಗಡಿಕಾರರು. ಯಾರ ಹೆಸರಿನಲ್ಲಿ ಕ್ರಾಂತಿಯೋ ಅವರೇ.

ಒಲಾಂಪ್ ದ ಗೂಜ್‌ಳನ್ನು 1793ರ ನವೆಂಬರ್ 3ರಂದು ಕೊಂದರು. ಯಾವ ಬಗೆಯ ಸರ್ಕಾರ ಬೇಕೆಂಬುದನ್ನು ಜನರೇ ಮತ ಹಾಕಿ ಆರಿಸಲಿ ಎಂಬ ಭಿತ್ತಿಪತ್ರ ಬರೆದದ್ದು ಅವಳ ಅಪರಾಧ. ದೊರೆಯ ಪ್ರಾಣ ಉಳಿಸಿ ಎಂದು ಸಭೆಯಲ್ಲಿ ಬೇಡಿದ್ದ ಚಿಂತಕ ಥಾಮಸ್ ಪೇನ್ ಸೆರೆಮನೆ ಸೇರಿದ. ಅಳತೆ ಮೀರಿತು, ಇನ್ನು ಸಾಕು ಎಂದ ಕ್ರಾಂತಿಯ ಮುಂದಾಳು ದಾಂತೋನ್ 1794ರ ಏಪ್ರಿಲ್‌ನಲ್ಲಿ ಸತ್ತ. ಜುಲೈ 28ರಂದು ರೋಬೆಸ್ಪಿಯರನ ಸರದಿ. ಅವನಿಗೂ ವಿಚಾರಣೆ ಇರಲಿಲ್ಲ.

ಮಾರ್ತಿನ್ ದೋಶ್ ನೆನಪಿದ್ದಾನೆಯೇ? 1789ರಲ್ಲಿ ಇಡೀ ಸಭೆಯ ಎದುರು ಒಬ್ಬನೇ ‘ವಿರೋಧಿ’ ಎಂದು ಬರೆದಾಗ ಆ ಬರಹ ಉಳಿಯಿತು. ನಾಲ್ಕೇ ವರ್ಷದ ಮೇಲೆ ಆ ಪದವೇ ಗಿಲೊಟಿನ್‌ಗೆ ರಹದಾರಿಯಾಯಿತು. ಪ್ರಜೆ ಪೌರನಾದ ಬಗೆಯನ್ನು ಮೊದಲ ದೃಶ್ಯ ತೋರಿಸುತ್ತದೆ. ಪೌರ ಮತ್ತೆ ಪ್ರಜೆಯಾಗುವ ಬಗೆಯನ್ನು ಎರಡನೆಯದು ತೋರಿಸುತ್ತದೆ. ಈ ಸಲ ತಂದೆಯ ಜಾಗದಲ್ಲಿ ಸಮಿತಿ ಕುಳಿತಿತ್ತು, ಅಷ್ಟೇ.

ಉಳಿದದ್ದೇನು?

ಗೊಂದಲದ ಐದು ವರ್ಷ ಕಳೆದು, 1799ರ ನವೆಂಬರ್ 9ರಂದು ಸೇನಾಪತಿ ನೆಪೋಲಿಯನ್ ಅಧಿಕಾರ ಹಿಡಿದ; 1804ರಲ್ಲಿ ಚಕ್ರವರ್ತಿಯಾದ. ಅವನು ಬಿದ್ದ ಮೇಲೆ ಹಳೆಯ ರಾಜಮನೆತನವೇ ಮರಳಿ ಬಂತು. ಹಾಗಾದರೆ ಅಷ್ಟೆಲ್ಲ ರಕ್ತ ಹರಿದದ್ದು ವ್ಯರ್ಥವೇ? ಪೂರ್ತಿ ಹಾಗೆನ್ನಲಾಗದು. ಮರಳಿ ಬಂದ ದೊರೆಗಳಿಗೂ ಜಮೀನಿನ ಹಳೆಯ ಕಾಣಿಕೆಗಳನ್ನು, ಹುಟ್ಟಿನ ತೆರಿಗೆ ವಿನಾಯಿತಿಗಳನ್ನು ಮರಳಿ ತರಲಾಗಲಿಲ್ಲ.

ಇನ್ನು ನಮ್ಮ ಬಳಿಗೇ ಬರೋಣ. ಅಂಗಡಿಯಲ್ಲಿ ನೀವು ಅಕ್ಕಿಯನ್ನು ಕಿಲೋ ಲೆಕ್ಕದಲ್ಲಿ, ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳುತ್ತೀರಿ. ಅಳತೆ ಒಂದೇ ಆಗಲಿ ಎಂದು ಫ್ರಾನ್ಸಿನ ರೈತರು ಬರೆಸಿದ ಅಹವಾಲಿಗೆ 1795ರಲ್ಲಿ ಸಿಕ್ಕ ಉತ್ತರವೇ ಈ ಮೆಟ್ರಿಕ್ ಪದ್ಧತಿ. ಭಾರತ 1956ರ ಕಾಯಿದೆಯ ಮೂಲಕ ಅದನ್ನು ಒಪ್ಪಿತು. ಸೇರು, ಮಣ, ಗಜಗಳು ನಿಧಾನವಾಗಿ ಹಿಂದೆ ಸರಿದವು. ‘ಎಡಪಂಥ’, ‘ಬಲಪಂಥ’ ಎಂಬ ಮಾತುಗಳ ಮೂಲವೂ 1789ರ ಸಭೆಯಲ್ಲಿದೆ. ದೊರೆಯ ಅಧಿಕಾರವನ್ನು ಎತ್ತಿಹಿಡಿದವರು ಅಧ್ಯಕ್ಷರ ಬಲಗಡೆಯಲ್ಲಿ, ಉಳಿದವರು ಎಡಗಡೆಯಲ್ಲಿ ಕುಳಿತರು.

ಶ್ರೀರಂಗಪಟ್ಟಣಕ್ಕೂ ಈ ಗಾಳಿ ಬೀಸಿತೆನ್ನುತ್ತಾರೆ. 1797ರಲ್ಲಿ ಅಲ್ಲಿದ್ದ ಫ್ರೆಂಚರು ಕ್ರಾಂತಿಕಾರಿ ಸಂಘವೊಂದನ್ನು ಕಟ್ಟಿ, ಟಿಪ್ಪುವನ್ನೂ ‘ಪೌರ’ ಎಂದು ಕರೆದರೆಂದು ಕೆಲವು ಕಾಗದಪತ್ರಗಳು ಹೇಳುತ್ತವೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವನ್ನು ಪ್ರಕಟಿಸಿದ್ದು ಇಂಗ್ಲಿಷ್ ಕಂಪನಿ. ಟಿಪ್ಪುವಿನ ಮೇಲಿನ ಯುದ್ಧವನ್ನು ಸಮರ್ಥಿಸಿಕೊಳ್ಳುವ ಅಗತ್ಯ ಕಂಪನಿಗಿತ್ತು. ಆದ್ದರಿಂದ ಅವನ್ನು ಎಷ್ಟು ನಂಬಬಹುದೆಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದಾಖಲೆಯನ್ನು ಓದುವಾಗ ಅದನ್ನು ಇಟ್ಟುಕೊಂಡವರು ಯಾರು ಎಂದೂ ಕೇಳಬೇಕು.

ಸ್ವಾತಂತ್ರ್ಯ, ಸಮಾನತೆ, ಭ್ರಾತೃಭಾವ. ನಮ್ಮ ಸಂವಿಧಾನದ ಪ್ರಸ್ತಾವನೆಯ ಈ ಮಾತುಗಳನ್ನು ಓದಿದ ಕೂಡಲೇ ಫ್ರಾನ್ಸ್ ನೆನಪಾಗುತ್ತದೆ. ಆದರೆ ಡಾ. ಅಂಬೇಡ್ಕರ್ ಅವರು 1954ರ ಆಕಾಶವಾಣಿ ಭಾಷಣದಲ್ಲಿ, ಈ ಮೂರು ತತ್ತ್ವಗಳನ್ನು ತಾವು ಫ್ರಾನ್ಸಿನ ಕ್ರಾಂತಿಯಿಂದಲ್ಲ, ಬುದ್ಧನ ಬೋಧನೆಯಿಂದ ಪಡೆದುದಾಗಿ ಸ್ಪಷ್ಟಪಡಿಸಿದರು. ಒಂದೇ ಸತ್ಯಕ್ಕೆ ಹಲವು ದಾರಿಗಳಿರಬಹುದು. ನಮ್ಮ ಸಂವಿಧಾನದ 14ನೆಯ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುತ್ತದೆ. 22ನೆಯ ವಿಧಿ ಬಂಧಿತನಾದವನಿಗೆ ತನ್ನ ಆಯ್ಕೆಯ ವಕೀಲನ ನೆರವು ಪಡೆಯುವ ಹಕ್ಕು ಕೊಡುತ್ತದೆ. 1794ರ ಜೂನ್ ತಿಂಗಳನ್ನು ತಿಳಿದವರಿಗೆ ಆ ಒಂದು ಸಾಲಿನ ಬೆಲೆ ಗೊತ್ತು.

ಪೌರನೀತಿಯ ಪಾಠವನ್ನು ಮುಂದಿನ ಸಲ ತೆರೆದಾಗ ಆ ಚಿತ್ರದ ಮೂಲೆಯಲ್ಲಿ ಕೈಕಟ್ಟಿ ಕುಳಿತವನನ್ನು ನೆನೆಯಿರಿ. ಅವನ ಅಭಿಪ್ರಾಯವನ್ನು ನೀವು ಒಪ್ಪಬೇಕಿಲ್ಲ. ದೊರೆಯ ಪರ ನಿಂತವನು ಅವನು. ಆದರೆ ಅವನ ಸಹಿ ಉಳಿದ ಕಾಗದ ಮಾತ್ರ ಸ್ವತಂತ್ರರು ಬರೆದ ಕಾಗದ.

ನೀವೇ ಯೋಚಿಸಿ, ಗೆಳೆಯರೊಡನೆ ಚರ್ಚಿಸಿ

1. ಅಹವಾಲು ಬರೆಸುವುದಕ್ಕೂ ಹಕ್ಕು ಕೇಳುವುದಕ್ಕೂ ಏನು ವ್ಯತ್ಯಾಸ? 1789ರ ಯಾವ ದಿನವನ್ನು ನೀವು ಆ ವ್ಯತ್ಯಾಸದ ದಿನವೆಂದು ಗುರುತಿಸುವಿರಿ?

2. ಲೂಯಿ 1791ರಲ್ಲಿ ಓಡಿಹೋಗದಿದ್ದರೆ ಅರಸೊತ್ತಿಗೆ ಉಳಿಯುತ್ತಿತ್ತೇ? ಪರ ಮತ್ತು ವಿರೋಧ ಎರಡೂ ಕಡೆ ವಾದಿಸಿ ನೋಡಿ.

3. ದೇಶ ಅಪಾಯದಲ್ಲಿದ್ದಾಗ ಹಕ್ಕುಗಳನ್ನು ಸ್ವಲ್ಪ ಕಾಲ ಬದಿಗಿಡಬಹುದೇ? ಇಡಬಹುದಾದರೆ, ಅವುಗಳನ್ನು ಮರಳಿ ಕೊಡುವ ದಿನವನ್ನು ಯಾರು ನಿರ್ಧರಿಸಬೇಕು?

4. ನಿಮ್ಮ ತರಗತಿಯಲ್ಲಿ ಎಲ್ಲರೂ ಒಪ್ಪಿದ ಒಂದು ಮಾತನ್ನು ಒಬ್ಬರು ಮಾತ್ರ ಒಪ್ಪದಿದ್ದಾಗ ಏನಾಯಿತು? ಆ ಒಬ್ಬರ ಜಾಗದಲ್ಲಿ ನೀವಿದ್ದರೆ ಏನಾಗಬೇಕೆಂದು ಬಯಸುತ್ತೀರಿ?